ಏಪ್ರಿಲ್ 10ಕ್ಕ ಸಾಲಿ ಸೂಟಿ, ಗ್ಯಾದರಿಂಗ್ ಬಿಟ್ರ ಬ್ಯಾರೆ ತಯಾರಿ ಏನೇನ್ ಮಾಡ್ತೀರಿ?

ವರದಾ ದಂಡಿ (ಹಾವೇರಿ ತಾಲೂಕು)

ನಮಸ್ಕಾರ್ರಿ ಎಲ್ಲಾರಿಗೂ. ನಾನು ನಮ್ಮೂರ ಸರಕಾರಿ ಹಿರಿಯ ಪ್ರಾಥಮಿಕ ಸಾಲಿ ಎಸ್‌ಡಿಎಂಸಿ (ಸಾಲಿ ಅಭಿವೃದ್ಧಿ, ಉಸ್ತುವಾರಿ ಸಮಿತಿ) ಮೆಂಬರ್. ಮಗಳು ಮೂರನೇತ್ತ, ಮಗ ಒಂದನೇತ್ತ. ಎಸ್‌ಎ-2, ಅಂದ್ರ ವರ್ಷದ ಕಡೀ ಪರೀಕ್ಷಾ, ಮುಗಿಯಾಕ ಬಂದಾವ, ಏಪ್ರಿಲ್ 10ಕ್ಕ ರಿಸಲ್ಟ್ ಹೇಳಿ ಸೂಟಿ ಬಿಟ್ರ ಮತ್ತ ಬಾಗಲಾ ತಗಿಯೂದು ಮೇ 29ಕ್ಕ. ಮೊನ್ನೆ ಹೆಡ್‌ಮಾಸ್ತರ್ ಮೀಟಿಂಗ್ ಕರದು ಕಡೀ ವಾರ ಏನೇನ್ ಮಾಡೂಣು ನೀವ ಹೇಳ್ರೆಪಾ ಅಂದ್ರು, ಅಂದಿದ್ದ ತಡ ನಮ್ಮೊಳಗ ಎರಡ್ ಪಾರ್ಟಿ ಆದ್ವು ನೋಡ್ರಿ.

ಒಂದ್ ಪಾರ್ಟಿಗೆ ಗ್ಯಾದರಿಂಗ್ (ಸಾಲಿ ವಾರ್ಷಿಕೋತ್ಸವ) ಜೋರ್ ಆಗ್ಬೇಕು. ಶಾಮಿಯಾನಾ, ಡಿಜೆ, ಏಳನೇತ್ತದ ಹುಡುಗೂರಿಗೆ ಬೀಳ್ಕೊಡುಗಿ, ಫೋಟೋದಾಂವ, ರಾತ್ರಿ ಊಟಕ್ಕ ಗೋದಿ ಹುಗ್ಗಿ ಬದನಿಕಾಯಿ ಪಲ್ಯ, ಅದಕ್ಕೆಲ್ಲಾ ಮನಿಗಿಷ್ಟು ಅಂತ ಪಟ್ಟಿ ಎತ್ತೂದು. ಇನ್ನೊಂದ್ ಪಾರ್ಟಿ ಅಂತೈತಿ, ಈ ಬಿಸಲಾಗ ಯಾವ ಗ್ಯಾದರಿಂಗ್, ಕೂಲಿ ಮಂದಿ ಕಡೆ ರೊಕ್ಕ ಕೇಳೂದು ಚಂದ ಅಲ್ಲ, ರಿಸಲ್ಟ್ ಹೇಳಿ ಕೈಯಾಗ ಒಂದ್ ಪೇಢಾ ಇಟ್ಟು ಕಳಸ್ರಿ ಸಾಕು.

ನನಗ ಅನ್ನಸೂದು ಏನಂದ್ರ ಇವೆರಡೂ ಒಂದ ದಿನದ ಮಾತು. ಕೀಲಿ ಬಿದ್ದ ಮ್ಯಾಲೆ ಒಂದೂವರೆ ತಿಂಗಳು ಸಾಲಿ ಖಾಲಿ, ಹುಡುಗೂರು ಊರ ತುಂಬ, ಅದರ ತಯಾರಿ ಬಗ್ಗೆ ಯಾರೂ ಬಾಯಿ ಬಿಡವಲ್ರು. ಹೋದ ಬ್ಯಾಸಗಿಯೊಳಗ ಸಾಲಿ ಕಟ್ಟಿ ಮ್ಯಾಲೆ ಇಸ್ಪೀಟ್ ಆಡೂದು, ಬಾಟಲಿ ಒಡದು ಹೋಗೂದು ಎಲ್ಲಾ ಆತು, ಪರಿಸರ ದಿನಕ್ಕ ಹಚ್ಚಿದ್ದ ಬೇವಿನ ಸಸಿ ನೀರು ಕಾಣದ ಒಣಗಿದ್ವು. ನಿಮ್ಮ ಊರೊಳಗ ಏನ್ ಮಾಡ್ತೀರಿ ಹೇಳ್ರಿ, ರೊಕ್ಕ ಭಾಳ ಹತ್ತಬಾರ್ದು. ರಜಾ ಹೋಂವರ್ಕ್ ಬಗ್ಗೆನೂ ಹೇಳ್ರಿ, ನಮ್ಮ ಹುಡುಗಿಗೆ ದಿನಾ ಒಂದರಿಂದ ಹತ್ತರ ಮಗ್ಗಿ ಬರಿ ಅಂದಿದ್ರು, ಅಕಿ ಸೂಟಿ ಎಲ್ಲಾ ಆಡಿ ಸಾಲಿ ಚಾಲೂ ಆಗೂ ಹಿಂದಿನ ದಿನ ಕುಂತು ಅಳಕೋತ ಬರದ್ಲು.

ಅಕ್ಕೋರು ಧಾರವಾಡ

ನಾನು ಧಾರವಾಡ ಗ್ರಾಮೀಣದಾಗ ಟೀಚರ್, ನಲಿ-ಕಲಿ (ಸಣ್ಣ ತರಗತಿಯವ್ರಿಗೆ ಆಡಕೋತ ಕಲಸೂದು) ತಗೋತೀನಿ. ಮೊದಲ ಒಂದ್ ಮಾತು ಹೇಳ್ತೀನಿ ಸಿಟ್ಟಾಗಬ್ಯಾಡ್ರಿ. ಕಡೀ ವಾರ ಮಾಸ್ತರಗೋಳ ಕೈಯಾಗ ಎಷ್ಟ್ ಕೆಲಸ ಇರತೈತಿ ಅಂತ ಪಾಲಕರಿಗೆ ಗೊತ್ತಾಗೂದಿಲ್ಲ. ಪೇಪರ್ ತಿದ್ದೂದು, ನಾಲ್ಕು ಎಫ್‌ಎ (ಸಣ್ಣ ಪರೀಕ್ಷಾ) ಎರಡು ಎಸ್‌ಎ (ದೊಡ್ಡ ಪರೀಕ್ಷಾ) ಕೂಡ್ಸಿ ಗ್ರೇಡ್ ಹಾಕೂದು, ಅದನ್ನೆಲ್ಲಾ ಸ್ಯಾಟ್ಸ್‌ನ್ಯಾಗ (ಹುಡುಗೂರ ಮಾಹಿತಿ ಇಡೂ ಸರಕಾರಿ ಆನ್‌ಲೈನ್ ದಾಖಲಿ) ಏರಸೂದು, ಹಗಲೊತ್ತು ಸರ್ವರ್ ನಿಂತ್ರ ರಾತ್ರಿ ಮನ್ಯಾಗ ಒಂದ್ ಕೈಲೆ ರೊಟ್ಟಿ ಒಂದ್ ಕೈಲೆ ಮೊಬೈಲ್, ಪ್ರಗತಿ ಪತ್ರ ಬರಿಯೂದು, ಏಳನೇತ್ತದವ್ರ ಟಿಸಿ, ದಾಸ್ತಾನು ರಜಿಸ್ಟರ್ ತಾಳೆ ನೋಡೂದು. ಇದರಾಗ ಡಾನ್ಸ್ ಬ್ಯಾರೆ ಕಲಸ್ರಿ ಅಂದ್ರ ಏನಾಕೈತಿ, ಯಾವುದೋ ಒಂದ್ ಸಿನಿಮಾ ಹಾಡಿಗೆ ನಾಲ್ಕ್ ಹುಡುಗೂರನ್ನ ಕುಣಿಸಿ ಮುಗಸ್ತಾರ, ಉಳದವ್ರು ಕುಂತು ನೋಡ್ತಾರ. ಗ್ಯಾದರಿಂಗ್ ಬೇಕಂದ್ರ ಜನವರಿ ಫೆಬ್ರವರಿಯೊಳಗ ಇಟ್ಕೋರಿ.

10ನೇ ತಾರೀಖಿಗೆ ಹೆಂಗೂ ಸಮುದಾಯದತ್ತ ಶಾಲೆ ಅಂತ ಪಾಲಕರನ್ನ ಕರಸೂದು ಇದ್ದ ಇರತೈತಿ. ನಾವು ಅವತ್ತ ಮುಂಜಾನೆ ಬಿಸಲ ಏರೂದ್ರೊಳಗ ಎಲ್ಲಾ ಮುಗಸ್ತೇವಿ. ಒಂದೊಂದ್ ಹುಡುಗ ತಮ್ಮ ಅವ್ವನ ಮುಂದ ಕುಂತು ಒಂದ್ ಪುಟ ಓದಿ ತೋರಸ್ಬೇಕು, ಅಷ್ಟ. ಅಕ್ಷರ ಬರದ ಅವ್ವಗೋಳು ಇರ್ತಾರ, ಮಗಾ ಬಟ್ಟಿಟ್ಟು ಓದೂದು ನೋಡಿ ಅವ್ರಿಗೆ ಗ್ರೇಡ್ ಏನು ಅಂತ ಕೇಳೂದ ಮರತು ಹೋಗತೈತಿ.

ಇನ್ನ ಖರೇ ಕೆಲಸ ಅಂದ್ರ ಪುಸ್ತಕ. ಹೊಸಾ ಪುಸ್ತಕ ಜೂನ್‌ದಾಗ ಎಲ್ಲಾ ವಿಷಯದ್ದೂ ಒಮ್ಮೆಲೆ ಬರೂದಿಲ್ಲ, ಎಣಿಕಿ ಕಡಿಮಿ ಬರೂದೂ ಇರತೈತಿ. ಹಂಗಾಗಿ ಪರೀಕ್ಷಾ ಮುಗದ ಮರುದಿನ ಹಳೇ ಪುಸ್ತಕ ಎಲ್ಲಾ ತರಸ್ತೇವಿ, ಭಾಗ-1 ಭಾಗ-2 ಎರಡೂ. ಐದು ಆರನೇತ್ತದ ಹುಡುಗೂರು ವಾರಾಂಡಾದಾಗ ಕುಂತು ಮೈದಾ ಅಂಟು ಕಾಸ್ಕೊಂಡು ಹರದ ಹಾಳಿ ಹಚ್ಚತಾವ, ಹೊದಿಕಿ ಹಾಕತಾವ, ಬೆನ್ನಿನ ಮ್ಯಾಲೆ ತರಗತಿ ಬರೀತಾವ. ಗಣಿತದ ಪುಸ್ತಕದಾಗ ಪೆನ್ನಿಲೆ ಉತ್ತರ ಬರದಿದ್ರ ಅದು ಪುಸ್ತಕ ಬ್ಯಾಂಕಿಗೆ ಬರೂದಿಲ್ಲ, ಪೆನ್ಸಿಲ್ ಇದ್ರ ರಬ್ಬರ್ ಹಚ್ಚಿ ಇಡೂದು. ಅಂಟು ಹಾಕಿದ್ದು ಪೂರಾ ಒಣಗಿದ ಮ್ಯಾಲೇ ಟ್ರಂಕಿಗೆ ಹಾಕ್ರಿ ಮತ್ತ, ಹಸಿ ಇದ್ರ ಇಲಿ ಜಿರಳಿ ಮೈದಾ ವಾಸನಿಗೆ ಬಂದು ಎಲ್ಲಾ ತಿಂದು ಹಾಕತಾವ, ಒಂದೆರಡ ಬೇವಿನ ಸೊಪ್ಪಿನ ಕಡ್ಡಿ ಒಳಗ ಇಡ್ರಿ.

ಹೋಂವರ್ಕ್ ಬಗ್ಗೆ, ಮಗ್ಗಿ ಬರಸೂದು ಬಿಡ್ರಿ. ನಿಮ್ಮ ಕಡೆ ಬ್ಯಾಡಗಿ ಮೆಣಸಿನಕಾಯಿ ಮಾರ್ಕೆಟ್ ಸೋಮವಾರ ಗುರುವಾರ ಇರತೈತಿ, ಮನ್ಯಾಗ ಯಾರೋ ಒಬ್ರು ಹೋಗ್ತಾರ. ಡಬ್ಬಿ ಕಾಯಿ ಎಷ್ಟಕ್ಕ ಹೋತು, ಕಡ್ಡಿ ಕಾಯಿ ಎಷ್ಟಕ್ಕ ಹೋತು, ನಮ್ಮದು ಎಷ್ಟು ಕ್ವಿಂಟಲ್, ದಲಾಲಿ ತೂಕ ಕಳದು ಕೈಗೆ ಎಷ್ಟು ಬಂತು, ಇದನ್ನ ಒಂದ್ ಚಿಕ್ಕ ನೋಟ್‌ಬುಕ್ಕಿನ್ಯಾಗ ಬರದು ತಾ ಅನ್ರಿ. ಮೂರನೇತ್ತದ ಹುಡುಗಿಗೆ ಕೂಡಸೂದು ಕಳಿಯೂದು ಎಲ್ಲಾ ಅದರಾಗ ಬಂದ್ಬಿಡತೈತಿ. ಸಣ್ಣಾಂವಗ ಅಜ್ಜಿ ಹೇಳಿದ ಒಂದ್ ಒಗಟು ವಾರಕ್ಕೊಂದು ನೆನಪಿಟ್ಟು ಬಾ ಅನ್ರಿ, ಬರಿಯೂದ ಬ್ಯಾಡ.

ಚಿಗರಿ ಬಸ್ (ಹುಬ್ಬಳ್ಳಿ)

ಅಕ್ಕೋರ ಮಾತು ಬರೋಬ್ಬರಿ ಐತ್ರಿ ಆದ್ರ ಗ್ಯಾದರಿಂಗ್ ಮ್ಯಾಲೆ ಎಲ್ಲಾರೂ ಯಾಕ ಹಿಂಗ ಮುರಕೊಂಡು ಬಿದ್ದೀರಿ? ನಾ ಹಳೇ ಹುಬ್ಬಳ್ಳಿ ಸರಕಾರಿ ಸಾಲ್ಯಾಗ ಓದಿದಾಂವ, ನಾ ಓದಿದ ಏಳ್ ವರ್ಷದಾಗ ನಮ್ಮಪ್ಪ ಸಾಲಿ ಒಳಗ ಕಾಲಿಟ್ಟಿದ್ದ ಗ್ಯಾದರಿಂಗಿಗೆ ಅಷ್ಟ. ಮೀಟಿಂಗ್ ಅಂದ್ರ ಅಪ್ಪಗೋಳು ಬರೂದಿಲ್ಲ, ಅವ್ವನ್ನ ಕಳಸ್ತಾರ, ಮಗಾ ಸ್ಟೇಜ್ ಹತ್ತತಾನ ಅಂದ್ರ ಮಾತ್ರ ಅಂಗಡಿ ಬಂದ್ ಮಾಡಿ ಬಂದು ನಿಂದರ್ತಾರ. ವರ್ಷ ಪೂರ್ತಿ ಕಡೀ ಬೆಂಚಿನ್ಯಾಗ ಬಾಯಿ ಬಿಡದ ಹುಡುಗಿ ಮೈಕ್ ಮುಂದ ಒಂದ್ ಜಾನಪದ ಹಾಡಿದ್ರ ಮರುದಿನ ಇಡೀ ಕ್ಲಾಸ್ ಅಕೀನ್ನ ನೋಡೂದ ಬ್ಯಾರೆ ಆಕೈತಿ. ಅದನ್ನ ಪಂಚಾಯ್ತಿ ಲೆಕ್ಕದಾಗ ಹೆಂಗ್ ಬರಿತೀರಿ?

ಡಿಜೆ ಬ್ಯಾಡ, ಅದಕ್ಕ ನಂದೂ ಒಪ್ಪಿಗಿ ಐತಿ. ಊರ ಭಜನಾ ಮಂಡಳ್ಯಾಗ ಹಾರ್ಮೋನಿಯಂ ತಬಲಾ ಇದ್ದ ಇರತಾವ, ಅವ್ರ ಪುಕ್ಕಟ ಬಾರಸ್ತಾರ. ಶಾಮಿಯಾನಾ ಯಾಕ್ ಬೇಕು ಸಾಲಿ ಮುಂದ ಗಿಡ ಇದ್ರ ಸಂಜೀಕ ಆರಕ್ಕ ಚಾಲೂ ಮಾಡ್ರಿ, ಹುಗ್ಗಿ ಬ್ಯಾಡ ಮನಿಮನಿಯಿಂದ ಬುತ್ತಿ ಕಟ್ಕೊಂಡು ಬರ್ರಿ ಅನ್ರಿ, ರೊಟ್ಟಿ ಶೇಂಗಾ ಹಿಂಡಿ ಮೊಸರು, ಎಲ್ಲಾರೂ ಒಂದ್ ಕಡೆ ಕುಂತು ಉಂಡ್ರ ಆತು. ಪಟ್ಟಿ ಅನ್ನೂ ಮಾತ ಬರೂದಿಲ್ಲ.

ಗದಗ ಪ್ಯಾಸೆಂಜರ್

ಬುತ್ತಿ ಮಾತು ಛಲೋ ಐತಿ. ಆದ್ರ ನಾ ಹೇಳೂದು ಬ್ಯಾರೆ, ನಮ್ಮ ಗದಗ ಜಿಲ್ಲಾ ತಾಂಡಾಗೋಳದು. ನಾನೂ ತಾಂಡಾದಾಂವ ಅದಕ್ಕ ನೇರ ಹೇಳ್ತೀನಿ.

ನಮ್ಮಲ್ಲಿ ಹಿಂಗಾರಿ ಕಡಲಿ ಬಿಳಿಜ್ವಾಳ ಮುಗದ ಮ್ಯಾಲೆ ಹೊಲದಾಗ ಕೆಲಸ ಇರೂದಿಲ್ಲ, ಮಂದಿ ಗ್ವಾ, ಮಂಗಳೂರು, ಉಡುಪಿ ಕಡೆ ದುಡ್ಯಾಕ ಹೋಗ್ತಾರ. ಸಾಲಿ ಇದ್ದಾಗ ಹುಡುಗೂರನ್ನ ಅಜ್ಜಿ ಹತ್ರ ಬಿಟ್ಟಿರ್ತಾರ, ಬಿಸಿಯೂಟ ಇರತೈತಿ, ಮಧ್ಯಾಹ್ನದ ಚಿಂತಿ ಇಲ್ಲ. ಸೂಟಿ ಬಿಟ್ಟ ಮರುದಿನ ಅಪ್ಪ ಬಂದು ಕರಕೊಂಡು ಹೊಂಟ. ಹೋಗೂದು ತಪ್ಪಲ್ಲ, ಅವ್ವ ಅಪ್ಪನ ನೋಡದ ಎಷ್ಟ್ ತಿಂಗಳಾಗಿರತೈತಿ ಆ ಕೂಸಿಗೆ. ಆದ್ರ ಮೇ 29ಕ್ಕ ಅದು ವಾಪಸ್ ಬರೂದಿಲ್ಲ. ಜೂನ್ ಬಂತು, ಜುಲೈ ಬಂತು, ಅಲ್ಲೇ ತಮ್ಮನ್ನ ಎತ್ಕೊಂಡು ಕಟ್ಟೂ ಬಿಲ್ಡಿಂಗ್ ಬಾಜೂಕ ಕುಂತಿರತೈತಿ. ಸಾಲಿಯವ್ರು ಹಾಜರಿ ಪುಸ್ತಕದಾಗ ಹೆಸರು ಕರಕೋತ ಇರ್ತಾರ.

ಅದಕ್ಕ ಕೀಲಿ ಹಾಕೂದ್ರೊಳಗ ಎಸ್‌ಡಿಎಂಸಿಯವ್ರು ಮನಿಮನಿಗೆ ಹೋಗಿ ಕೇಳ್ರಿ, ಯಾರ್ ಎಲ್ಲಿಗೆ ಹೊಂಟೀರಿ, ಯಾವ ಮೇಸ್ತ್ರಿ ಕೂಡ, ಅಲ್ಲಿ ನಂಬರ್ ಯಾವ್ದು. ಅಪ್ಪನ ನಂಬರ್ ಒಂದ ಇದ್ರ ಕೆಲಸಕ್ಕ ಬರೂದಿಲ್ಲ, ಸಿಮ್ ಬದಲಾಗಿರತೈತಿ, ಮೇಸ್ತ್ರಿದು ಮತ್ತ ಊರಾಗಿರೂ ಅಜ್ಜಿ ಮಗ್ಗಲ ಮನ್ಯಾರದು ಎರಡೂ ಬರಕೋರಿ. ಪ್ರಗತಿ ಪತ್ರದ ಹಿಂದ ಹುಡುಗನ ಸ್ಯಾಟ್ಸ್ ನಂಬರ್, ಪೆನ್ ನಂಬರ್, ಹೆಡ್‌ಮಾಸ್ತರ್ ಫೋನ್ ನಂಬರ್ ದೊಡ್ಡ ಅಕ್ಷರದಾಗ ಬರದು ಪ್ಲಾಸ್ಟಿಕ್ ಚೀಲದಾಗ ಹಾಕಿ ಕೊಡ್ರಿ. ಸ್ಯಾಟ್ಸ್ ನಮ್ಮ ರಾಜ್ಯದಾಗ ನಡಿತೈತಿ, ಪೆನ್ ಅಂದ್ರ ಹುಡುಗನ ಕಾಯಂ ಶಿಕ್ಷಣ ನಂಬರ್, ಅದು ದೇಶಕ್ಕೆಲ್ಲಾ ಒಂದ.

ಇನ್ನೊಂದು, ಒಂದ್ ವೇಳೆ ಅಲ್ಲೇ ಉಳಿಯೂದಾತು ಅಂದ್ರ ಅಲ್ಲಿ ಸರಕಾರಿ ಸಾಲಿಗೆ ಹಚ್ಚಬೋದು. ಟಿಸಿ ಇಲ್ಲ ಅಂತ ತಗೊಳ್ಳೂದಿಲ್ಲ ಅನ್ನೂವಂಗಿಲ್ಲ, 2009ರ ಆರ್‌ಟಿಇ (ಶಿಕ್ಷಣ ಹಕ್ಕು) ಕಾಯ್ದೆಯೊಳಗ ಟಿಸಿ ತಡ ಆತು ಅಂತ ಪ್ರವೇಶ ನಿಲ್ಲಸಬಾರ್ದು ಅಂತ ಸ್ವಚ್ಛ ಬರದೈತಿ. ಇದನ್ನ ಹೇಳಿ ಕಳಸಿದ್ರ ಕೆಲವ್ರರ ಹಚ್ತಾರ. ವಾಸ್ಕೋ ಕಡೆ ಕನ್ನಡ ಮೀಡಿಯಂ ಸಾಲೀನೂ ಅದಾವ.

ಮತ್ತ ಹೊಲದಾಗ ಅಪ್ಪನ ಕೂಡ ಮೆಣಸಿನಕಾಯಿ ಬಿಡಸೂದು, ದನ ಹೊಡಕೊಂಡು ಹೋಗೂದು ಇದು ಬ್ಯಾರೆ, ಹೋಟೆಲ್ ಗ್ಯಾರೇಜ್‌ನ್ಯಾಗ ಸೂಟಿ ಇದ್ದಾಗ ನಾಲ್ಕ್ ಕಾಸು ದುಡೀಲಿ ಅಂತ ಬಿಡೂದು ಬ್ಯಾರೆ. 14 ವರ್ಷದ ಒಳಗಿನವ್ರನ್ನ ಕೂಲಿಗೆ ಇಟ್ಕೊಂಡ್ರ ಕೇಸ್ ಆಕೈತಿ. ಕಂಡ್ರ ಮಕ್ಕಳ ಸಹಾಯವಾಣಿ 1098ಕ್ಕ ಫೋನ್ ಹಚ್ರಿ, ಫೋನ್ ಮಾಡಿದವ್ರ ಹೆಸರು ಗುಟ್ಟಾಗಿ ಇಡ್ತಾರ.

ವರದಾ ದಂಡಿ

ಪ್ಯಾಸೆಂಜರ್ ಅಣ್ಣಾರ, ಇದು ನಮ್ಮ ತಲ್ಯಾಗ ಬಂದ ಇರ್ಲಿಲ್ಲ. ನಮ್ಮೂರಿಂದ ಅಷ್ಟ್ ಮಂದಿ ಹೋಗೂದಿಲ್ಲ ಆದ್ರ ಇಟ್ಟಂಗಿ ಭಟ್ಟಿಗೆ ಹೊರಗಿನವ್ರು ಬಂದಾರ, ಅವ್ರ ಹುಡುಗೂರು ನಮ್ಮ ಸಾಲ್ಯಾಗ ಕುಂದರ್ತಾವ. ಮಳಿ ಚಾಲೂ ಆಗೂದ್ರೊಳಗ ಭಟ್ಟಿ ಬಂದ್ ಆಗಿ ಅವ್ರು ಹೊಂಟು ಹೋಗ್ತಾರ. ನಾಳೆನ ಹೋಗಿ ಬರಕೋತೇವಿ.

ರಾಣೆಬೆನ್ನೂರ ರೈತ

ಗ್ಯಾದರಿಂಗ್ ಮಾಡ್ರಿ ಬಿಡ್ರಿ, ಪುಸ್ತಕಕ್ಕ ಅಂಟು ಹಚ್ರಿ ಬಿಡ್ರಿ, ನೀರಿನ ಮಾತು ಮಾತ್ರ ಬಿಡಬ್ಯಾಡ್ರಿ. ಪ್ರತಿ ಏಪ್ರಿಲ್ ಮೇ ಒಳಗ ಪೇಪರ್ ತಗದ್ರ ಈಜಾಕ ಹೋದ ಹುಡುಗೂರ ಸುದ್ದಿ ಇದ್ದ ಇರತೈತಿ. ಹೆಚ್ಚಾಗಿ ಇಬ್ರು, ಅಣ್ಣ ತಮ್ಮ ಇಲ್ಲಾ ಗೆಳ್ಯಾರು, ಒಬ್ಬನ್ನ ಉಳಸಾಕ ಇನ್ನೊಬ್ಬ ಇಳದಿರತಾನ.

ಹೊಲದಾಗ ಮಳಿ ನೀರು ಹಿಡದಿಡೂ ಕೃಷಿ ಹೊಂಡದ ಬಗ್ಗೆ ತಿಳಕೋರಿ. 2014ರಾಗ ಸರಕಾರದ ಕೃಷಿ ಭಾಗ್ಯ ಯೋಜನಾ ಬಂದ ಮ್ಯಾಲೆ ನಮ್ಮ ಹೊಲಗೋಳಾಗ ಎಲ್ಲಾ ಕಡೆ ಆದ್ವು, ನಂದೂ ಒಂದೈತಿ, ಹತ್ತ ಅಡಿ ಆಳ. ರೈತಗ ಅದು ಜೀವ, ನಾ ಅದನ್ನ ಬೈಯೂದಿಲ್ಲ. ಆದ್ರ ಅದರೊಳಗ ಹಾಸಿದ ಕರೀ ತಾಡಪತ್ರಿ ಒಂದ್ ಸಲ ಪಾಚಿ ಕಟ್ತಂದ್ರ ನಾನ ದೊಡ್ಡಾಂವ ಇಳದ್ರ ಏರಾಕ ಬರೂದಿಲ್ಲ, ಕಾಲು ಇಟ್ಟಂಗ ಜಾರತೈತಿ, ಕೈಗೆ ಹಿಡಕೊಳ್ಳಾಕ ಒಂದ್ ಹುಲ್ಲಕಡ್ಡಿ ಇರೂದಿಲ್ಲ. ಬಾವಿಗೆ ಪಾವಟಗಿ ಇರತಾವ, ಕೆರಿಗೆ ದಂಡಿ ಇರತೈತಿ, ಇದಕ್ಕ ಏನೂ ಇಲ್ಲ. ಈಜ ಬರೂ ಹುಡುಗೂರ ಇದರಾಗ ಹೋಗ್ಯಾವ, ಅದ ಮಂದಿಗೆ ತಿಳಿವಲ್ದು, ನಮ್ಮ ಹುಡುಗಗ ಈಜ ಬರತೈತಿ ಅಂತಾರ.

ನಾ ನಮ್ಮ ಹೊಂಡಕ್ಕ ನಾಲ್ಕೂ ಮೂಲ್ಯಾಗ ಗೂಟ ಬಡದು ದಪ್ಪ ಹಗ್ಗಕ್ಕ ಗಂಟ ಹಾಕಿ ತಳತನಾ ಇಳಿಬಿಟ್ಟೇನಿ, ಒಂದ್ ಕಡೆ ಹಳೇ ಟೈರ್ ಒಂದಕ್ಕೊಂದು ಕಟ್ಟಿ ಮೆಟ್ಟಲ ಮಾಡೇನಿ. ಪಂಕ್ಚರ್ ಅಂಗಡ್ಯಾಗ ಹಳೇ ಟೈರ್ ಸುಮ್ನ ಕೊಡ್ತಾರ. ಸುತ್ತ ತಂತಿ ಬೇಲಿ ಹಾಕ್ಬೇಕಂತ ಯೋಜನಾದಾಗ ಐತಿ, ಹಾಕಿದವ್ರು ಎಷ್ಟ್ ಮಂದಿ ಅದಾರ ನೀವ ನೋಡ್ರಿ. ಎಸ್‌ಡಿಎಂಸಿಯವ್ರು ಊರ ಸೀಮ್ಯಾಗ ಯಾರ ಯಾರ ಹೊಂಡ ಅದಾವ ಪಟ್ಟಿ ಮಾಡಿ ಹೋಗಿ ಕೇಳ್ರಿ, ಹಗ್ಗ ಕಟ್ಟೂತನಾ ಬಿಡಬ್ಯಾಡ್ರಿ.

ವರದಾ ದಂಡಿಯವ್ರ, ನಿಮ್ಮ ಹೆಸರ ವರದಾ ಅಂತ ಐತಿ ಅಂದ್ರ ವರದಾ ಹೊಳಿ ಮಗ್ಗಲದವ್ರ ಇರ್ಬೇಕು. ಬ್ಯಾಸಗಿಯೊಳಗ ಹೊಳಿ ಬತ್ತೈತಿ ಮೊಣಕಾಲಮಟ ನೀರು ಅಂತ ಬಿಡ್ತಾರ, ಉಸುಕು ತಗದ ಗುಂಡಿ ನೀರೊಳಗ ಕಾಣೂದಿಲ್ಲ, ಒಂದ್ ಹೆಜ್ಜಿ ಮುಂದಿಟ್ರ ಆಳು ಮುಳಗೂ ಅಷ್ಟ್ ಇರತೈತಿ. ಈಜ ಕಲಸ್ರಿ, ಬ್ಯಾಡನ್ನೂದಿಲ್ಲ, ಹಿರ್ಯಾರು ಸೊಂಟಕ್ಕ ಖಾಲಿ ಡಬ್ಬಿ ಕಟ್ಟಿ ಬಾವ್ಯಾಗ ಕಲಸ್ಲಿ. ಮತ್ತ ಯಾರರ ಮುಳಗಿದ್ರ ನೀವ ಜಿಗಿಬ್ಯಾಡ್ರಿ, ಹಗ್ಗ ಒಗಿರಿ, ಸೀರಿ ಒಗಿರಿ, ಉದ್ದನ್ನ ಬಡಿಗಿ ಚಾಚ್ರಿ, ಒದರ್ರಿ, ಇದನ್ನ ಕಡೀ ದಿನ ಸಾಲಿ ಬಯಲಾಗ ಹಗ್ಗ ತಂದು ಹುಡುಗೂರ ಕೈಲೆ ಮಾಡಿಸಿ ತೋರಸ್ರಿ. ಬರೇ ಹೇಳಿದ್ರ ಅವು ಕೇಳೂದಿಲ್ಲ.

ಚಿಗರಿ ಬಸ್ (ಹುಬ್ಬಳ್ಳಿ)

ಗ್ಯಾದರಿಂಗಿನ್ಯಾಗ ಇದನ್ನ ಒಂದ್ ಐಟಂ ಮಾಡ್ರಿ, ಅಪ್ಪಗೋಳೂ ನೋಡ್ತಾರ. ನಾ ಚಾಷ್ಟಿ ಮಾಡಾಕತ್ತಿಲ್ಲ ಖರೇನ ಹೇಳಾಕತ್ತೇನಿ.

ಒಲಿ ಮುಂದಿನಾಕಿ

ಎಲ್ಲಾರೂ ಎಲ್ಲಾ ಹೇಳೀರಿ, ಅಡಗಿ ಮನಿ ಯಾರೂ ನೆನಸ್ಲಿಲ್ಲ. ನಮ್ಮವ್ವ ಬಿಸಿಯೂಟದ ಅಡಗಿಯವ್ರು, ಗದಗ ಹತ್ರ, ಅದಕ್ಕ ನಾ ಬರಿಯಾಕತ್ತೇನಿ.

ಪರೀಕ್ಷಾ ಮುಗೀತಿದ್ದಂಗ ಹುಡುಗೂರು ಮಾಮಾರ ಊರು, ಜಾತ್ರಿ ಅಂತ ಹೊಂಟು ಬಿಡ್ತಾವ, ಹಾಜರಿ ಅರ್ಧಕ್ಕ ಇಳಿತೈತಿ. ಒಂದರಿಂದ ಐದನೇತ್ತದ ಹುಡುಗಗ ದಿನಕ್ಕ ಅಕ್ಕಿ 100 ಗ್ರಾಂ, ಆರನೇತ್ತದಿಂದ ಮ್ಯಾಲಿನವ್ರಿಗೆ 150, ಬ್ಯಾಳಿ 20 ಮತ್ತ 30, ಇದರ ಲೆಕ್ಕದಾಗ ತರಿಸಿದ್ದು ಕಡೀಗೆ ಚೀಲಗಟ್ಟಲೆ ಉಳಿತೈತಿ. ಅದಕ್ಕ ಮಾರ್ಚ್‌ದಾಗ ಇಂಡೆಂಟ್ (ಬೇಡಿಕಿ ಪಟ್ಟಿ) ಹಾಕೂಮುಂದ ಕೈ ಹಿಡಿಬೇಕು. ಉಳದಿದ್ದು ತೂಗಿ ಬರದು ಹೆಡ್‌ಮಾಸ್ತರ್ ಕಡೆ ಸಹಿ ಮಾಡಿಸಿ ಇಡ್ರಿ, ಇಲ್ಲಾಂದ್ರ ಜೂನ್‌ದಾಗ ಬ್ಯಾಳಿ ಕಡಿಮಿ ಬಂತು ಅಂತ ಅಡಗಿಯವ್ರ ಮ್ಯಾಲೆ ಮಾತು ಬರತೈತಿ. ಬ್ಯಾಳಿಗೆ ನುಸಿ ಹತ್ತತೈತಿ, ಒಂದ್ ಸಲ ಬಿಸಲಿಗೆ ಹಾಕಿ ಆರಿಸಿ ಬಿಗಿ ಮುಚ್ಚಳದ ಡಬ್ಬಿಗೆ ಹಾಕ್ರಿ, ಅಕ್ಕಿ ಚೀಲ ನೆಲಕ್ಕ ಹಚ್ಚಬ್ಯಾಡ್ರಿ, ಹಲಗಿ ಮ್ಯಾಲೆ ಇಡ್ರಿ. ಹಾಲಿನ ಪುಡಿ ಪ್ಯಾಕೆಟ್ ತಾರೀಖ್ ನೋಡ್ರಿ. ಸಿಲಿಂಡರ್ ರೆಗ್ಯುಲೇಟರ್ ತಗದು ಇಡ್ರಿ. ಮೇ ಕಡೀಗೆ ಬಂದು ಮೊದಲ ಸಿಂಟೆಕ್ಸ್ ನೀರಿನ ಟ್ಯಾಂಕ್ ತೊಳೀರಿ, ಅದರಾಗ ಏನೇನ್ ಬಿದ್ದಿರತೈತಿ ನೋಡಿದವ್ರಿಗೇ ಗೊತ್ತು.

ಇನ್ನೊಂದ್ ಮಾತು. ಅಡಗಿಯವ್ರಿಗೆ ಗೌರವಧನ ವರ್ಷಕ್ಕ ಹತ್ತ ತಿಂಗಳದು ಅಷ್ಟ. ಏಪ್ರಿಲ್ ಮೇ ಅಂದ್ರ ನಮ್ಮವ್ವಗ ಸೂಟಿ ಅಲ್ಲ, ಕೆಲಸ ಇಲ್ಲದ ತಿಂಗಳು. 2024ರಾಗ ಬರ ಇತ್ತಲ್ಲ, ಬರ ಬಿದ್ದ ತಾಲೂಕುಗೋಳಾಗ ಬ್ಯಾಸಗಿ ಸೂಟಿಯೊಳಗೂ ಬಿಸಿಯೂಟ ಚಾಲೂ ಇಟ್ಟಿದ್ರು. ಬರೇ ಊಟಕ್ಕ ಅಂತ ಬಂದ ಹುಡುಗೂರು ಉಂಡ ಮ್ಯಾಲೆ ಅಲ್ಲೇ ನೆರಳಾಗ ಲಗೋರಿ ಬುಗರಿ ಆಡಕೋತ ಸಂಜೀತನಾ ಇರ್ತಿದ್ವು, ಹೊಳಿ ಕಡೆ ಹೋಗೂದು ತಾನ ನಿಂತಿತ್ತು. ಬರ ಬಂದ್ರನ ಊಟ ಅನ್ನೂದು ನನಗ ತಿಳಿಯಂಗಿಲ್ಲ ಬಿಡ್ರಿ, ಹಸಿವು ಪ್ರತಿ ಮೇ ತಿಂಗಳಾಗ ಇರತೈತಿ.

ಅಕ್ಕೋರು ಧಾರವಾಡ

ಒಲಿ ಮುಂದಿನಾಕಿ ತಂಗಿ ಹೇಳಿದ್ದು ನೂರಕ್ಕ ನೂರು ಖರೇ. ಸೂಟಿ ಮುಗದು ಬಂದ ಹುಡುಗೂರನ್ನ ಮೊದಲ ವಾರ ನೋಡಿದ್ರ ಯಾರ್ ಮನ್ಯಾಗ ಹೆಂಗ್ ಊಟ ಇತ್ತು ಅಂತ ಮಾರಿ ನೋಡಿದ್ರ ತಿಳಿತೈತಿ.

ಲಗೋರಿ ಅಂದದ್ದಕ್ಕ ನೆನಪಾತು, ಗ್ರಾಮ ಪಂಚಾಯ್ತಿ ಲೈಬ್ರರಿ, ಈಗ ಅರಿವು ಕೇಂದ್ರ ಅಂತಾರ, ಅಲ್ಲಿ ಮಕ್ಕಳಿಗೆ ಸದಸ್ಯತ್ವ ಪುಕ್ಕಟ. ಸೂಟಿ ಬಿಡೂದ್ರೊಳಗ ಒಂದ್ ದಿನ ಮೂರನೇತ್ತದ ಮ್ಯಾಲಿನವ್ರನ್ನೆಲ್ಲಾ ಸಾಲಾಗಿ ಕರಕೊಂಡು ಹೋಗಿ ಹೆಸರ ಹಚ್ಚಿಸಿ ಬರ್ರಿ. ಮೇ ತಿಂಗಳಾಗ ಭಾಳ ಕಡೆ ಬೇಸಿಗೆ ಶಿಬಿರನೂ ಅಲ್ಲೇ ಇಡ್ತಾರ, ನಿಮ್ಮ ಪಂಚಾಯ್ತಿ ಅಧಿಕಾರಿ ಪಿಡಿಓ ಅವ್ರನ್ನ ಈಗ ಕೇಳಿ ಇಡ್ರಿ, ಮೇ ಬಂದ ಮ್ಯಾಲೆ ಕೇಳಿದ್ರ ಆಗೂದಿಲ್ಲ.

ವರದಾ ದಂಡಿ

ಎಲ್ಲಾರಿಗೂ ಭಾಳ ಉಪಕಾರ ಆತ್ರಿ. ನಿನ್ನೆ ಸಂಜೀಕ ಮತ್ತೊಮ್ಮೆ ಸೇರಿದ್ವಿ, ನೀವ ಬರದಿದ್ದನ್ನ ಓದಿ ತೋರಿಸ್ದೆ. ಡಿಜೆ ಪಾರ್ಟಿಯವ್ರು ಮೊದಲ ಮಾರಿ ಗಂಟ ಹಾಕ್ಕೊಂಡು ಕುಂತಿದ್ರು, ಬುತ್ತಿ ಮತ್ತ ಭಜನಾದವ್ರು ಅಂದ ಕೂಡ್ಲೆ ಒಪ್ಪಿದ್ರು, ಯಾಕಂದ್ರ ಹಾರ್ಮೋನಿಯಂ ಬಾರಸಾಂವ ಅವ್ರ ಪೈಕಿನ ಅದಾನ. 9ಕ್ಕ ಸಂಜೀಕ ಹಾಡು ಬುತ್ತಿ, 10ಕ್ಕ ಮುಂಜಾನೆ ಓದಿ ತೋರಸೂದು ಮತ್ತ ಹಗ್ಗದ ಪಾಠ. ಹಗ್ಗದ್ದು ನಮ್ಮೂರಾಗ ಈಜ ಕಲಸೂ ಹಿರ್ಯಾರೊಬ್ರು ಮಾಡ್ತೇನಿ ಅಂದಾರ. ಸೀಮ್ಯಾಗ ಹೊಂಡದ ಪಟ್ಟಿ ಮಾಡಾಕ ಹೊಂಟಾಗ ಗೊತ್ತಾತು ಎಸ್‌ಡಿಎಂಸಿ ಮೆಂಬರ್‌ಗೋಳದ ಹೊಂಡಕ್ಕ ಬೇಲಿ ಇಲ್ಲ, ಮೊದಲ ಅವಕ್ಕ ಟೈರ್ ಹಗ್ಗ.

ಇಟ್ಟಂಗಿ ಭಟ್ಟಿಗೆ ಹೋಗಿ ಬಂದ್ವಿ, ಮಾಲಕ ಜರಾ ಗುರಾಯಿಸಿದ, ಕಡೀಗೆ ಮೇಸ್ತ್ರಿ ನಂಬರ್ ಕೊಟ್ಟ.

ಒಂದ ಮಾತು ಇನ್ನೂ ಬಗಿಹರಿದಿಲ್ಲ. ಸಾಲಿ ಕೀಲಿ ಯಾರ್ ಹತ್ರ ಇರ್ಬೇಕು, ಸಸಿಗೆ ನೀರು ಯಾರ್ ಹಾಕ್ಬೇಕು? ಹೆಡ್‌ಮಾಸ್ತರ್ ಊರು ಬಾಗಲಕೋಟಿ ಕಡೆ, ಅವ್ರು ಸೂಟಿಗೆ ಹೋಗ್ತಾರ. ಗೇಟ್ ಕೀಲಿ ಊರಾಗಿನವ್ರಿಗೆ ಕೊಟ್ರ ಮತ್ತ ಇಸ್ಪೀಟ್ ಚಾಲೂ ಆಕೈತಿ ಅಂತ ಒಬ್ರು, ಕೊಡದಿದ್ರ ಕಂಪೌಂಡ್ ಜಿಗದು ಬರ್ತಾರ ಅಂತ ಒಬ್ರು.

ಒಲಿ ಮುಂದಿನಾಕಿ

ಅಡಗಿಯವ್ರ ಕೈಯಾಗ ಕೊಡ್ರಿ. ನೀರು ಹಾಕೂದಕ್ಕ, ಕಟ್ಟಿ ಕಸಾ ಹೊಡಿಯೂದಕ್ಕ ಆ ಎರಡ್ ತಿಂಗಳು ಎಸ್‌ಡಿಎಂಸಿಯಿಂದ ಏನರ ಕೂಲಿ ಕೊಡ್ರಿ, ಡಿಜೆ ರೊಕ್ಕ ಹೆಂಗೂ ಉಳದೈತಲ್ಲ. ಗೇಟ್ ಕೀಲಿ ಮಾತ್ರ, ಆಫೀಸ್ ಮತ್ತ ದಾಸ್ತಾನು ಕ್ವಾಣಿ ಕೀಲಿ ಹೆಡ್‌ಮಾಸ್ತರ್ ಒಯ್ಯಲಿ. ನಮ್ಮೂರ ಸಾಲ್ಯಾಗ ನಮ್ಮವ್ವ ಬಂದು ಕುಂತ್ರ ಯಾರೂ ಇಸ್ಪೀಟ್ ಎಲಿ ತಗಿಯೂದಿಲ್ಲ, ಎಲ್ಲಾರೂ ಅಕಿ ಕೈಯಾಗ ಉಂಡು ಬೆಳದವ್ರ.

ವರದಾ ದಂಡಿ

ಆತ್ರಿ ಅಕ್ಕಾರ, ಸೋಮವಾರ ಠರಾವಿಗೆ ಇದನ್ನ ಬರಸ್ತೇವಿ. ಕೂಲಿ ಎಷ್ಟು ಅಂತ ಅವ್ರನ್ನ ಕೇಳಿನ ಹಾಕ್ತೇವಿ.